ಕಥೆಯನ್ನು ಹೇಳುವವರು ಯಾರು?



ಪ್ರೌಢಶಾಲೆಯ ಇಂಗ್ಲಿಷ್ ಪಾಠದಲ್ಲಿ ಚಲಚ್ಚಿತ್ರಕ್ಕೇನು ಕೆಲಸವೆಂದು ಕೇಳುವವರುಂಟು. ಡಿಕನ್ಸನು 1860–61ರಲ್ಲಿ ಪ್ರಕಟಿಸಿದ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಕಾದಂಬರಿಯ ಮೊದಲ ಅಧ್ಯಾಯವನ್ನು ನೋಡಿರಿ. ತಬ್ಬಲಿ ಪಿಪ್, ಗೋರಿಕಲ್ಲಿನ ಅಕ್ಷರಗಳ ಆಕಾರದಿಂದಲೇ ತಾನು ಕಾಣದ ತಂದೆತಾಯಿಗಳ ರೂಪವನ್ನು ಊಹಿಸಿಕೊಳ್ಳುತ್ತಾನೆ. ಬೆಳೆದ ಪಿಪ್ಪನೇ ಅದನ್ನು ಹೇಳುತ್ತಿರುವುದರಿಂದ ನಮಗೆ ನಗೆಯೂ ಮರುಕವೂ ಒಟ್ಟಿಗೆ ಬರುತ್ತವೆ.

ಡೇವಿಡ್ ಲೀನನ 1946ರ ಚಿತ್ರದಲ್ಲಿ ಬೀಸುವ ಗಾಳಿ, ಕಿರುಗುಟ್ಟುವ ಬೋಳುಮರ. ಓಡುವ ಹುಡುಗನು ತಟಕ್ಕನೆ ಕೈದಿಯ ಕೈಗೆ ಸಿಕ್ಕಾಗ ನಾವೂ ಬೆಚ್ಚುತ್ತೇವೆ. ಭಯವನ್ನು ಚಿತ್ರವು ಕ್ಷಣದಲ್ಲಿ ಕೊಟ್ಟಿತು. ಆ ಮುಗ್ಧ ಊಹೆಯನ್ನು ಮಾತೇ ಕೊಡಬೇಕು.

ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದ ವಿದ್ಯಾರ್ಥಿಯು, ಏನಾಯಿತೆಂದು ಒಪ್ಪಿಸುವುದರಲ್ಲಿ ನಿಲ್ಲದೆ, ಯಾರು, ಹೇಗೆ ಹೇಳಿದರೆಂದು ಕೇಳಲು ಕಲಿಯುತ್ತಾನೆ. ಪುಸ್ತಕವನ್ನು ಬಿಟ್ಟು ಚಿತ್ರವನ್ನಷ್ಟೇ ತೋರಿಸಿದರೆ ಆ ಪ್ರಶ್ನೆಯೇ ಹುಟ್ಟದು.