ಗುಣವಾಯಿತು, ಯಾವುದರಿಂದ?



ಆರೋಗ್ಯದ ವಿಷಯದಲ್ಲಿ ಜನರಿಗಿರುವ ತಪ್ಪು ತಿಳುವಳಿಕೆಗಳ ಕುರಿತು ಮಾತನಾಡಿ ಎಂದು ಈ ದತ್ತಿ ಉಪನ್ಯಾಸದ ಸಮಿತಿಯವರು ಕೇಳಿದರು. ಅವುಗಳ ಪಟ್ಟಿ ಓದಿ ಹೇಳುವುದು ಸುಲಭ. ಆದರೆ ಪಟ್ಟಿ ಕೇಳಿ ಯಾರೂ ನಂಬಿಕೆ ಬಿಡುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ವೈದ್ಯನಾಗಿ ದುಡಿದು ನಾನು ಅರಿತದ್ದು ಇಷ್ಟು: ನಮ್ಮ ಜನ ಸುಮ್ಮಸುಮ್ಮನೆ ಏನನ್ನೂ ನಂಬುವವರಲ್ಲ, ಕಣ್ಣಾರೆ ಕಂಡದ್ದನ್ನು ನಂಬುವವರು. ಚಿಕ್ಕಪ್ಪನಿಗೆ ವಾಸಿಯಾಯಿತು, ಪಕ್ಕದ ಮನೆಯ ಹುಡುಗ ಎದ್ದು ಓಡಾಡಿದ ಎಂದು ಅವರು ಹೇಳುವಾಗ ಸುಳ್ಳು ಹೇಳುತ್ತಿಲ್ಲ. ವಾಸಿಯಾದದ್ದು ನಿಜ. ಯಾವುದರಿಂದ ವಾಸಿಯಾಯಿತು ಎಂಬ ಲೆಕ್ಕದಲ್ಲಿ ತಪ್ಪು ನುಸುಳುತ್ತದೆ. ಇವತ್ತಿನ ನನ್ನ ಮಾತೆಲ್ಲ ಆ ಲೆಕ್ಕದ ಬಗ್ಗೆ.

ಕಾಮಾಲೆ

ಮಲೆನಾಡಿರಲಿ, ಬಯಲುಸೀಮೆಯಿರಲಿ, ಕಾಮಾಲೆಗೆ ಮದ್ದು ಕೊಡುವವರು ಎಲ್ಲ ಕಡೆಯೂ ಇದ್ದಾರೆ. ಕೆಲವರು ಸೊಪ್ಪಿನ ರಸ ಕುಡಿಸುತ್ತಾರೆ, ಕೆಲವರು ಕಣ್ಣಿಗೆ ಹನಿ ಬಿಡುತ್ತಾರೆ, ಕೆಲವರು ಕೈಗೆ ಬರೆ ಹಾಕುತ್ತಾರೆ. ಕೈ ತೊಳೆಸಿ ಕಾಮಾಲೆ ಇಳಿಸುವವರೂ ಇದ್ದಾರೆ. ರೋಗಿಯ ಅಂಗೈಗೆ ಯಾವುದೋ ರಸ ಸವರಿ, ಸುಣ್ಣದ ತಿಳಿನೀರು ಹಾಕಿ ಉಜ್ಜುತ್ತಾರೆ. ನೋಡನೋಡುತ್ತಲೇ ತಟ್ಟೆಯ ನೀರು ಹಳದಿಯಾಗುತ್ತದೆ. ಮೈಯೊಳಗಿನ ಹಳದಿ ಇಳಿದು ಬಂತೆಂದು ಮನೆಯವರು ಕೈಮುಗಿಯುತ್ತಾರೆ. ಮಾವಿನ ತೊಗಟೆಯ ರಸಕ್ಕೆ ಸುಣ್ಣದ ನೀರು ಬೆರೆತರೆ ಹಳದಿ ಬಣ್ಣ ಬರುತ್ತದೆ. ಯಾವ ಕಾಯಿಲೆಯೂ ಇಲ್ಲದವರ ಕೈಯನ್ನು ಹಾಗೆ ತೊಳೆದರೂ ನೀರು ಹಳದಿಯೇ.

ಆದರೂ ರೋಗಿಗೆ ಗುಣವಾಗುತ್ತದೆ. ನಮ್ಮಲ್ಲಿ ಮಕ್ಕಳಿಗೆ ಬರುವ ಕಾಮಾಲೆಗೆ ಮುಖ್ಯ ಕಾರಣ ಕೊಳಕು ನೀರು ಮತ್ತು ಆಹಾರದಿಂದ ಹರಡುವ ಹೆಪಟೈಟಿಸ್ ಎ ವೈರಾಣು. ಬಹುಪಾಲು ಮಕ್ಕಳಲ್ಲಿ ಯಕೃತ್ತು ಕೆಲವೇ ವಾರಗಳಲ್ಲಿ ತಾನಾಗಿ ಚೇತರಿಸಿಕೊಳ್ಳುತ್ತದೆ. ಈ ವೈರಾಣುವಿಗೆಂದೇ ಇರುವ ಔಷಧ ನಮ್ಮ ಆಸ್ಪತ್ರೆಗಳಲ್ಲೂ ಇಲ್ಲ. ನಾವು ಹೇಳುವುದೂ ವಿಶ್ರಾಂತಿ, ಊಟ, ನಿಗಾ ಇಷ್ಟೇ. ರಸ ಕುಡಿದವನಿಗೂ ಕುಡಿಯದವನಿಗೂ ಗುಣವಾಗುವ ಕಾಯಿಲೆಯಲ್ಲಿ ಕೀರ್ತಿ ಮಾತ್ರ ರಸದ ಪಾಲಾಗುತ್ತದೆ.

ಇದರಿಂದ ನಷ್ಟವೇನು ಎಂದು ನೀವು ಕೇಳಬಹುದು. ಕಣ್ಣು ಹಳದಿಯಾಗುವುದು ಹಲವು ಕಾಯಿಲೆಗಳಿಗೆ ಸಮಾನವಾದ ಒಂದು ಲಕ್ಷಣ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಕಣ್ಣು ಹಳದಿಯಾಗುತ್ತದೆ, ಇಲಿಜ್ವರದಲ್ಲೂ ಆಗುತ್ತದೆ, ಮೇದೋಜೀರಕದ ಕ್ಯಾನ್ಸರ್‌ನಲ್ಲೂ ಆಗುತ್ತದೆ. ಬಸುರಿಯರಿಗೆ ಕೊನೆಯ ತಿಂಗಳುಗಳಲ್ಲಿ ಹೆಪಟೈಟಿಸ್ ಇ ತಗಲಿದರೆ ಪ್ರಾಣಕ್ಕೇ ಸಂಚಕಾರ. ಹುಟ್ಟಿದ ಕೂಸಿನ ಕಾಮಾಲೆ ಮಿತಿಮೀರಿದರೆ ಮಿದುಳಿಗೆ ಪೆಟ್ಟಾಗುತ್ತದೆ. ನೀಲಿ ಬೆಳಕಿನ ಕೆಳಗೆ ಮಲಗಿಸಿದರೆ ಅದನ್ನು ತಪ್ಪಿಸಬಹುದು. ಇವರೆಲ್ಲರನ್ನೂ ಒಂದೇ ಮದ್ದಿನ ಮುಂದೆ ಕೂರಿಸಿದಾಗ, ಕಾಯಿಲೆಯನ್ನು ಗುರುತಿಸಬೇಕಾದ ದಿನಗಳು ಕಳೆದುಹೋಗುತ್ತವೆ. ಮೇಲೆ ಪಥ್ಯವೊಂದು: ಎಣ್ಣೆ ಬೇಡ, ಉಪ್ಪು ಬೇಡ, ಬೇಳೆ ಬೇಡ. ಚೇತರಿಸಿಕೊಳ್ಳಲು ಅನ್ನ ಬೇಕಾದ ದೇಹ ಗಂಜಿ ತಿಳಿಯಲ್ಲಿ ಸೊರಗುತ್ತದೆ.

ಹಾವು ಕಡಿತ

ಕಾಮಾಲೆಯಲ್ಲಿ ನಷ್ಟವಾಗುವುದು ದಿನಗಳು. ಹಾವು ಕಡಿತದಲ್ಲಿ ಗಂಟೆಗಳೂ ಉಳಿಯುವುದಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿತದಿಂದ ಸತ್ತರೆಂಬುದು ಸಂಶೋಧಕರ ಅಂದಾಜು. ಅಂದರೆ ವರ್ಷಕ್ಕೆ ಸರಾಸರಿ 58,000. ಹೆಚ್ಚಿನವರು ಹಳ್ಳಿಯವರು, ಹೊಲದಲ್ಲಿ ದುಡಿಯುವವರು.

ಇಷ್ಟು ಸಾವಿದ್ದರೂ ಹಾವಿನ ವಿಷ ಇಳಿಸುವವರ ಮಂತ್ರಕ್ಕೆ ಹೆಸರು ಬರುವುದು ಹೇಗೆ? ಕೇರೆ, ನೀರೊಳ್ಳೆಯಂಥ ಹಾವುಗಳಿಂದ ಜೀವಕ್ಕೆ ಅಪಾಯವಿಲ್ಲ. ಕಡಿಯುವ ಹಾವುಗಳಲ್ಲಿ ಇಂಥವೇ ಬಹಳ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ದೊಡ್ಡ ಅಪಾಯಕಾರಿಗಳೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತವೆ. ಹೀಗಾಗಿ ಮಂತ್ರ ಹಾಕಿಸಿಕೊಂಡ ಹೆಚ್ಚಿನವರು ಬದುಕುತ್ತಾರೆ. ಮಂತ್ರವಿಲ್ಲದೆಯೂ ಅವರು ಬದುಕುತ್ತಿದ್ದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ, ಹಾಗೆ. ವಿಷವೇರಿದವನು ಸತ್ತರೆ ‘ತಡವಾಗಿ ಕರೆತಂದರು’ ಎನ್ನುತ್ತಾರೆ. ಬದುಕಿದವನು ಊರೂರು ಸುತ್ತಿ ಸಾಕ್ಷಿ ಹೇಳುತ್ತಾನೆ. ಸತ್ತವನು ಸಾಕ್ಷಿ ಹೇಳಲು ಬರುವುದಿಲ್ಲ.

ಆಸ್ಪತ್ರೆಯಲ್ಲಿ ನಾವು ಏನು ಮಾಡುತ್ತೇವೆ ಎಂಬುದನ್ನು ಹತ್ತಿರದಿಂದ ನೋಡಿ. ಒಣಗಿದ, ಶುಭ್ರವಾದ ಗಾಜಿನ ನಳಿಕೆಯಲ್ಲಿ ರೋಗಿಯ ಎರಡು ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತೇವೆ. ಆಮೇಲೆ ನಳಿಕೆಯನ್ನು ಮೆಲ್ಲಗೆ ಓರೆ ಮಾಡುತ್ತೇವೆ. ರಕ್ತ ಗಟ್ಟಿಯಾಗಿ ಕೂತಿದ್ದರೆ ಸದ್ಯಕ್ಕೆ ಸಮಾಧಾನ. ಆದರೂ ನಿಗಾ ಬಿಡುವುದಿಲ್ಲ, ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡುತ್ತೇವೆ. ನೀರಿನಂತೆ ಹರಿದರೆ, ಮಂಡಲದ ವಿಷ ಹೆಪ್ಪುಗಟ್ಟುವ ಶಕ್ತಿಯನ್ನು ತಿಂದು ಹಾಕಿದೆ ಎಂದರ್ಥ. ಕೂಡಲೇ ಪ್ರತಿವಿಷ ಏರಿಸಬೇಕು. ಕಟ್ಟುಹಾವಿನ ವಿಷ ಬೇರೆ ಬಗೆಯದು. ಈ ಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಿಲ್ಲ, ಬಾವಿಲ್ಲ, ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತಲಾಗದು, ಉಗುಳು ನುಂಗಲಾಗದು. ಆಗ ಉಸಿರಾಟಕ್ಕೆ ಯಂತ್ರದ ಆಸರೆ ಸಿಕ್ಕರೆ ಆ ಜೀವ ಉಳಿಯುತ್ತದೆ.

ಬಿಗಿಯಾಗಿ ಹಗ್ಗ ಕಟ್ಟಬೇಡಿ; ರಕ್ತ ಓಡದೆ ಕೈಕಾಲು ಕೊಳೆಯುತ್ತದೆ. ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಾವನ್ನು ಹುಡುಕುತ್ತ ಹೊತ್ತು ಕಳೆಯಬೇಡಿ. ಉಂಗುರ, ಕಾಲ್ಗೆಜ್ಜೆ ತೆಗೆಯಿರಿ, ಕಚ್ಚಿದ ಅಂಗವನ್ನು ಅಲುಗಾಡದಂತೆ ಇರಿಸಿ, ನಡೆಸದೆ ಆಸ್ಪತ್ರೆಗೆ ಒಯ್ಯಿರಿ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಗೊತ್ತುಪಡಿಸಿತು. ಸಾಕ್ಷಿ ಹೇಳಲಾಗದವರನ್ನೂ ಲೆಕ್ಕಕ್ಕೆ ತರುವ ಈ ಹೆಜ್ಜೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

ನಾಯಿ ಕಡಿತದ ಕಥೆಯೂ ಇದೇ. ಕಚ್ಚುವ ನಾಯಿಗಳಿಗೆಲ್ಲ ಹುಚ್ಚು ಹಿಡಿದಿರುವುದಿಲ್ಲ. ಹಾಗಾಗಿ ಗಾಯಕ್ಕೆ ಮೆತ್ತಿದ ಸುಣ್ಣ, ಖಾರದಪುಡಿ ಗೆದ್ದಂತೆ ಕಾಣುತ್ತದೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ವಿರಳ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಲಸಿಕೆ ಶುರು ಮಾಡಿ. ಹೊಕ್ಕುಳ ಸುತ್ತ 14 ಚುಚ್ಚುಮದ್ದಿನ ಕಾಲ ಮುಗಿದಿದೆ. ಈಗ ತೋಳಿಗೆ ಕೊಡುತ್ತಾರೆ, ಕೆಲವೇ ಸಲ.

ಮೂರ್ಛೆ ಮತ್ತು ಬೀಗದ ಕೈ

ಬಸ್ ನಿಲ್ದಾಣದಲ್ಲಿ ಯಾರಾದರೂ ಫಿಟ್ಸ್ ಬಂದು ಬಿದ್ದರೆ ಜನ ಕಬ್ಬಿಣಕ್ಕಾಗಿ ಓಡುತ್ತಾರೆ. ಬೀಗದ ಕೈ ಸಿಕ್ಕಿ, ಬಿಗಿಹಿಡಿದ ಮುಷ್ಟಿಯೊಳಗೆ ಅದನ್ನು ತುರುಕುವಷ್ಟರಲ್ಲಿ ಒಂದೆರಡು ನಿಮಿಷ ಕಳೆದಿರುತ್ತದೆ. ಹೆಚ್ಚಿನ ಫಿಟ್ಸ್ ತಾವಾಗಿ ನಿಲ್ಲುವುದೂ ಅಷ್ಟೇ ಹೊತ್ತಿಗೆ. ಸುತ್ತ ನಿಂತ ಐವತ್ತು ಜನ ಕಬ್ಬಿಣದ ಮಹಿಮೆಗೆ ಸಾಕ್ಷಿಯಾಗಿ ಮನೆಗೆ ಹೋಗುತ್ತಾರೆ.

ಬಿದ್ದವರನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಬಾಯಿಗೆ ಏನನ್ನೂ ಹಾಕಬೇಡಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ. ತಪ್ಪದೆ ಮಾತ್ರೆ ನುಂಗಿದರೆ ನೂರರಲ್ಲಿ ಸುಮಾರು ಎಪ್ಪತ್ತು ಜನ ಫಿಟ್ಸ್ ಇಲ್ಲದೆ ಬದುಕಬಲ್ಲರು. ಆದರೆ ಕಬ್ಬಿಣ ನಂಬಿದವರು ಮಾತ್ರೆ ನಂಬುವುದಿಲ್ಲ. ಮದುವೆ ತಪ್ಪೀತೆಂಬ ಭಯದಲ್ಲಿ ಹೆಣ್ಣುಮಕ್ಕಳ ಕಾಯಿಲೆಯನ್ನು ಮುಚ್ಚಿಡುತ್ತಾರೆ. ಈ ತಪ್ಪು ಕಾನೂನಿನಲ್ಲೂ ಕೂತಿತ್ತು. ಹಿಂದೂ ವಿವಾಹ ಕಾಯ್ದೆ ಮೂರ್ಛೆರೋಗವನ್ನು ಮದುವೆಗೆ ಅಡ್ಡಿಯೆಂದು ಎಣಿಸಿತ್ತು. 1999ರ ತಿದ್ದುಪಡಿಯಲ್ಲಿ ಆ ಮಾತನ್ನು ತೆಗೆದುಹಾಕಿದರು. ಕಾಯ್ದೆಯಿಂದ ಹೋದದ್ದು ಮನೆಗಳಿಂದ ಇನ್ನೂ ಹೋಗಿಲ್ಲ.

ನಮ್ಮ ವೃತ್ತಿಯ ಪಾಲು

ಈ ತಪ್ಪು ಲೆಕ್ಕ ಓದಿದವರನ್ನೂ ಬಿಟ್ಟಿಲ್ಲ. ಯುರೋಪಿನ ವೈದ್ಯರು ಶತಮಾನಗಳ ಕಾಲ ಜ್ವರಕ್ಕೆ ರಕ್ತ ಹರಿಸುತ್ತಿದ್ದರು. ಗುಣವಾದವರನ್ನು ಕಂಡೇ ಅವರೂ ಅದನ್ನು ನಂಬಿದ್ದು. 1835ರಲ್ಲಿ ಪ್ಯಾರಿಸ್‌ನ ಪಿಯರ್ ಲೂಯಿ ಎಂಬ ವೈದ್ಯ ನ್ಯುಮೋನಿಯಾ ರೋಗಿಗಳಲ್ಲಿ ಬದುಕಿದವರ ಜೊತೆಗೆ ಸತ್ತವರನ್ನೂ ಎಣಿಸಿ, ಬೇಗ ರಕ್ತ ತೆಗೆಸಿಕೊಂಡವರನ್ನೂ ತಡವಾಗಿ ತೆಗೆಸಿಕೊಂಡವರನ್ನೂ ಹೋಲಿಸಿ ಪ್ರಕಟಿಸಿದ. ರಕ್ತ ಹರಿಸುವುದರಿಂದ ಜನ ನಂಬಿದ್ದ ಗುಣ ಕಾಣಲಿಲ್ಲ.

ಇವತ್ತು ನೆಗಡಿ ಜ್ವರಕ್ಕೆ ‘ಒಂದು ಬಾಟ್ಲಿ ಗ್ಲೂಕೋಸ್ ಹಾಕಿ ಡಾಕ್ಟ್ರೇ’ ಎಂದು ರೋಗಿ ಕೇಳುತ್ತಾನೆ, ಹಾಕುವವರು ಹಾಕುತ್ತಾರೆ. 500 ಮಿಲಿಲೀಟರ್‌ನ ಶೇಕಡಾ 5ರ ಬಾಟಲಿಯಲ್ಲಿರುವುದು 25 ಗ್ರಾಂ ಗ್ಲೂಕೋಸ್, ಸುಮಾರು 100 ಕ್ಯಾಲೊರಿ. ಬಾಯಲ್ಲಿ ಕುಡಿಯಬಲ್ಲವನಿಗೆ ಒಂದು ಲೋಟ ಬೆಲ್ಲದ ಪಾನಕ ಅದಕ್ಕಿಂತ ಕಡಿಮೆಯೇನಲ್ಲ. ನೆಗಡಿಗೆ ಕಾರಣವಾದ ವೈರಾಣುವನ್ನು ಆ್ಯಂಟಿಬಯಾಟಿಕ್ ಮುಟ್ಟುವುದೂ ಇಲ್ಲ. ನಾಲ್ಕು ದಿನಕ್ಕೆ ನೆಗಡಿ ತಾನಾಗಿ ಇಳಿದಾಗ ಬಾಟಲಿಗೂ ಮಾತ್ರೆಗೂ ಹೆಸರು ಬರುತ್ತದೆ. ಇಲ್ಲಿ ಹುಸಿ ನಂಬಿಕೆ ಬೆಳೆಸಿದವರು ನಾವು, ವೈದ್ಯರು.

ಕೇಳಬೇಕಾದ ಪ್ರಶ್ನೆಗಳು

ಹಾಗಾದರೆ ಮಾಡಬೇಕಾದದ್ದೇನು? ಯಾರಾದರೂ ‘ಇದರಿಂದ ವಾಸಿಯಾಯಿತು’ ಎಂದಾಗ ಮೂರು ಪ್ರಶ್ನೆ ಕೇಳಿ. ಇದನ್ನು ಮಾಡದಿದ್ದರೂ ಈ ಕಾಯಿಲೆ ವಾಸಿಯಾಗುತ್ತಿತ್ತೇ? ಇದೇ ಮದ್ದು ಮಾಡಿಯೂ ವಾಸಿಯಾಗದವರು ಎಷ್ಟು ಮಂದಿ? ಇದನ್ನು ನಂಬಿ ಕೂತರೆ ಕೈತಪ್ಪಿ ಹೋಗುವುದು ಏನು? ಇದೇ ಪ್ರಶ್ನೆಗಳನ್ನು ನಮ್ಮ ಚೀಟಿಯ ಮೇಲಿನ ಔಷಧಗಳಿಗೂ ಕೇಳಿ. ಉತ್ತರಿಸುವುದು ನಮ್ಮ ಕರ್ತವ್ಯ.

ಆಶಾ ಕಾರ್ಯಕರ್ತೆಯರಲ್ಲಿ ನನ್ನ ಕೋರಿಕೆ: ಮಂತ್ರ ಹಾಕಿಸಿಕೊಂಡು ಬಂದವರನ್ನು ಬೈಯಬೇಡಿ. ಬೈದರೆ ಮುಂದಿನ ಸಲ ಹೇಳದೆ ಹೋಗುತ್ತಾರೆ. ಮದ್ದು ಕೊಡುವವರೊಂದಿಗೇ ಮಾತಾಡಿ, ಹಾವು ಕಚ್ಚಿದವರನ್ನು ಮೊದಲು ಆಸ್ಪತ್ರೆಗೆ ಕಳಿಸುವಂತೆ ಒಪ್ಪಿಸಿ. ಜನ ಅವರ ಮಾತು ಕೇಳುತ್ತಾರೆ. ವೈದ್ಯ ಮಿತ್ರರಲ್ಲೂ ಒಂದು ಮಾತು. ನಾಟಿ ವೈದ್ಯ ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಸರು ಕೇಳುತ್ತಾನೆ, ಊರು ಕೇಳುತ್ತಾನೆ, ಹೆದರಬೇಡ ಅನ್ನುತ್ತಾನೆ. ನಾವು ತಲೆ ಎತ್ತದೆ ಚೀಟಿ ಬರೆಯುತ್ತೇವೆ. ಕಾಯಿಲೆ ಏನು, ಅದು ಎಷ್ಟು ದಿನ ಇರುತ್ತದೆ, ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಎಂದು ರೋಗಿಯ ಮುಖ ನೋಡಿ ಹೇಳುವುದಕ್ಕೆ ಐದು ನಿಮಿಷ ಸಾಕು. ಆ ಐದು ನಿಮಿಷವನ್ನು ಚಿಕಿತ್ಸೆಯ ಅಂಗವೆಂದೇ ಎಣಿಸಿ ಕೊಡೋಣ. ಅಷ್ಟಾಗದೆ ಜನರ ಅಜ್ಞಾನದ ಬಗ್ಗೆ ಮಾತಾಡುವ ಅಧಿಕಾರ ನಮಗಿಲ್ಲ.