ಇಳಿವಯಸ್ಸಿನ ಪುರುಷರಲ್ಲಿ ಮಾಂಸಖಂಡಗಳ ಕ್ಷಯ ಮತ್ತು ‘ಡಿ’ ಜೀವಸತ್ವ

(ಪ್ರತಿಷ್ಠಾ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ನಾನು ವೈದ್ಯನಲ್ಲ, ಎಸ್ಸೆಸ್ಸೆಲ್ಸಿ ಮುಗಿಸಿ ಅಂಗಡಿಯ ಗಾದಿ ಹಿಡಿದವನು. ಆದರೂ ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವುಂಟು. ಕಳೆದ ವರ್ಷ ಅಭಿಷೇಕಕ್ಕೆಂದು ಕುಳಿತಿದ್ದವನು ಕಲಶ ಹಿಡಿದು ಏಳಲು ಹೋದಾಗ ತೊಡೆಗಳು ಸಹಕರಿಸಲಿಲ್ಲ. ಪಕ್ಕದಲ್ಲಿದ್ದ ಹುಡುಗನು ಕಲಶವನ್ನು ತೆಗೆದುಕೊಂಡನು. ನಾನು ಕಂಬವನ್ನು ಹಿಡಿದು ಎದ್ದೆನು. ವಯಸ್ಸಿನ ಧರ್ಮವೆಂದು ಸುಮ್ಮನಿದ್ದೆನು. ಮಗನ ಒತ್ತಾಯಕ್ಕೆ ರಕ್ತಪರೀಕ್ಷೆ ಮಾಡಿಸಲಾಗಿ, ಮಿಲಿಲೀಟರಿಗೆ ಕನಿಷ್ಠ 20 ನ್ಯಾನೋಗ್ರಾಂ ಇರಬೇಕಾದ ‘ಡಿ’ ಜೀವಸತ್ವವು 11 ಮಾತ್ರ ಇದ್ದಿತು.

ಮೂವತ್ತು ದಾಟಿದ ಮೇಲೆ ಮನುಷ್ಯನ ಮಾಂಸಖಂಡವು ಹತ್ತು ವರ್ಷಕ್ಕೆ ಶೇಕಡ 3ರಿಂದ 8ರಷ್ಟು ಕರಗುತ್ತದೆ. ಅರವತ್ತರ ನಂತರ ಇನ್ನೂ ವೇಗವಾಗಿ. ಇದಕ್ಕೆ 1989ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಎಂಬವರು ‘ಸಾರ್ಕೋಪೀನಿಯಾ’ ಎಂದು ಹೆಸರಿಟ್ಟರು. ‘ಡಿ’ ಜೀವಸತ್ವದ ತೀವ್ರ ಕೊರತೆಯಾದರೆ ಸೊಂಟ ಮತ್ತು ತೊಡೆಯ ಬಲವೇ ಮೊದಲು ಕುಂದುತ್ತದೆ. ಏಳುವುದು, ಮೆಟ್ಟಿಲು ಹತ್ತುವುದು ಕಷ್ಟವಾಗುತ್ತದೆ. ಬಿದ್ದರೆ ಮೂಳೆ ಮುರಿಯುತ್ತದೆ.

ಈ ಜೀವಸತ್ವವನ್ನು ಬಿಸಿಲು ತಾಗಿದ ಚರ್ಮವೇ ತಯಾರಿಸುತ್ತದೆ. ಬರಗಾಲದ ಜಗಳೂರಿನಲ್ಲಿ ಬಿಸಿಲಿಗೆ ಬಡತನವೇ? ಆದರೆ ನಾವು ಬೆಳಗಿನಿಂದ ರಾತ್ರಿಯವರೆಗೆ ಗಾದಿಯ ಮೇಲೆ, ಅಡಿಕೆ ಮಂಡಿಯ ನೆರಳಿನಲ್ಲಿ, ವಿದ್ಯುದ್ದೀಪದ ಕೆಳಗೆ ಇರುವವರು. ಗಾಜಿನೊಳಗಿಂದ ಬರುವ ಬಿಸಿಲಿನಿಂದ ಪ್ರಯೋಜನವಿಲ್ಲ. ಅದಕ್ಕೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ನಮ್ಮ ಕಪ್ಪು ಮೈಬಣ್ಣಕ್ಕೆ ಬಿಳಿಯರಿಗಿಂತ ಹೆಚ್ಚು ಹೊತ್ತು ಬಿಸಿಲು ಬೇಕು.

ಇನ್ನು ಔಷಧದ ವಿಚಾರ. ವೈದ್ಯರು ಬರೆದುಕೊಟ್ಟ ಮೃದು ಗುಳಿಗೆಯ ಹೊದಿಕೆಯು ಜೆಲಟಿನ್. ಅದು ಪ್ರಾಣಿಗಳ ಚರ್ಮ, ಮೂಳೆಗಳಿಂದಾದುದು. ಅಹಿಂಸಾವ್ರತಿಗಳಾದ ನಾವು ಇದನ್ನು ಕೇಳಿ ತಿಳಿಯಬೇಕು. ಪುಡಿಯ ಪೊಟ್ಟಣ ಮತ್ತು ಮಾತ್ರೆಗಳೂ ದೊರೆಯುತ್ತವೆ. ಸಾಮಾನ್ಯ ‘ಡಿ-3’ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ; ಕಲ್ಲುಹೂವಿನಿಂದ ತಯಾರಾದುದೂ ಇದೆ. ಮುಜುಗರಪಟ್ಟು ಔಷಧವನ್ನೇ ಬಿಡುವುದಕ್ಕಿಂತ ವೈದ್ಯರನ್ನು ಕೇಳುವುದು ಲೇಸು.

ಹಾಗೆಂದು ಹೆಚ್ಚು ಸೇವಿಸಿದಷ್ಟೂ ಒಳ್ಳೆಯದೆಂದು ಭಾವಿಸಬಾರದು. ಆಸ್ಟ್ರೇಲಿಯದಲ್ಲಿ ವೃದ್ಧೆಯರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟು ನೋಡಿದಾಗ ಬೀಳುವಿಕೆಯೂ ಮೂಳೆ ಮುರಿತವೂ ಹೆಚ್ಚಾದುವೆಂದು 2010ರಲ್ಲಿ ಪ್ರಕಟವಾಯಿತು. ಕೊರತೆಯಿಲ್ಲದವರಿಗೆ ಮಾತ್ರೆಯಿಂದ ಬಲ ಬಾರದು. ಬಲ ಬರುವುದು ದುಡಿಮೆಯಿಂದ. ಬಾಸ್ಟನ್ ನಗರದಲ್ಲಿ ತೊಂಬತ್ತರ ಆಸುಪಾಸಿನ 10 ಮಂದಿ ವೃದ್ಧರಿಗೆ 8 ವಾರ ಭಾರದ ವ್ಯಾಯಾಮ ಮಾಡಿಸಿದಾಗ ಕಾಲಿನ ಬಲವು ಸರಾಸರಿ ಶೇಕಡ 174ರಷ್ಟು ಹೆಚ್ಚಿತೆಂದು 1990ರಲ್ಲಿ ವರದಿಯಾಯಿತು. ತೊಂಬತ್ತರವರಿಗೆ ಸಾಧ್ಯವಾದುದು ನಮಗೇಕಾಗದು?

ಆಹಾರದಲ್ಲಿ ಬೇಳೆ, ಹಾಲು, ಶೇಂಗಾ ಇರಲಿ. ಸೂರ್ಯಾಸ್ತಕ್ಕೆ ಮೊದಲೇ ಉಣ್ಣುವ ನಮ್ಮ ಪದ್ಧತಿಗೆ ಲೋಪವಿಲ್ಲ. ಹಗಲಿನ ಎರಡೂ ಊಟಗಳಲ್ಲಿ ಬೇಳೆ ಸಾಕಷ್ಟಿದ್ದರಾಯಿತು. ತಪವೂ ತ್ಯಾಗವೂ ಶಕ್ತ್ಯನುಸಾರವಾಗಿರಬೇಕೆಂದು ಷೋಡಶಕಾರಣ ಭಾವನೆಗಳಲ್ಲಿಯೇ ಹೇಳಿದೆ. ಕ್ಷೀಣಿಸಿದ ವೃದ್ಧರು ಗುರುಗಳನ್ನೂ ವೈದ್ಯರನ್ನೂ ಕೇಳಿ ಉಪವಾಸ ಕೈಗೊಳ್ಳಲಿ.

ಮನೆಗೆ ಹೋಗಿ ಒಂದು ಪರೀಕ್ಷೆ ಮಾಡಿರಿ. ಕೈ ಊರದೆ ಕುರ್ಚಿಯಿಂದ ಐದು ಬಾರಿ ಎದ್ದು ಕುಳಿತುಕೊಳ್ಳಿರಿ. 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ವೈದ್ಯರನ್ನು ಕಾಣಿರಿ. ನಾನು ಔಷಧದೊಂದಿಗೆ ದಿನವೂ ಬಿಸಿಲಿನಲ್ಲಿ ನಡೆದು, ಅಂಗಡಿಯಲ್ಲಿ ಗಂಟೆಗೊಮ್ಮೆ ಎದ್ದು ಕುಳಿತು ಅಭ್ಯಾಸ ಮಾಡಿದೆನು. ಈ ಪಂಚಕಲ್ಯಾಣದಲ್ಲಿ ನನ್ನ ಕಲಶವನ್ನು ನಾನೇ ಎತ್ತಿದೆನು. ಇದಕ್ಕಿಂತ ಹೆಚ್ಚಿನ ಭಾಗ್ಯವನ್ನು ನಾನು ಬಯಸೆನು.