ಅತಿಥಿ ಯಾರು, ಮನೆಯವರು ಯಾರು?



ಕೃಷ್ಣೆಯ ದಂಡೆಯ ನಮ್ಮ ಚಿಕ್ಕಪಡಸಲಗಿಯಲ್ಲಿ ಮಂಗಳವಾದ್ಯವೆಂದರೆ ಸನಾದಿ. ಕರಡಿ ಮಜಲಿನವರ ನಡುವೆ ನಿಂತು ಸನಾದಿಯವನು ಗಲ್ಲ ಉಬ್ಬಿಸಿ ಊದತೊಡಗಿದನೆಂದರೆ ಓಣಿಗೆ ಓಣಿಯೇ ಬಾಗಿಲಿಗೆ ಬರುತ್ತಿತ್ತು. ನೆರೆಯ ಬೀಳಗಿಯಂತೂ ಸನಾದಿ ಅಪ್ಪಣ್ಣನವರ ಊರು. ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಯ ಮೂಲಕ ಅವರ ಹೆಸರು 1977ರಲ್ಲಿ ಬೆಳ್ಳಿತೆರೆಗೂ ಏರಿತು. ಅಲ್ಲಿ ರಾಜಕುಮಾರರ ತುಟಿಯ ಮೇಲಿನ ಸನಾದಿಗೆ ಉಸಿರು ಕೊಟ್ಟವರು ಬಿಸ್ಮಿಲ್ಲಾ ಖಾನರು. ಇಂಥ ನಾದಕ್ಕೆ ಒಗ್ಗಿದ ಕಿವಿಯಿಂದ ನಾನು ಅಮೆರಿಕದ ಒಂದು ಆಲ್ಬಮ್ಮನ್ನು ಕೇಳಿದೆ. ಇಂದಿನ ಮಾತು ಅದನ್ನು ಕುರಿತದ್ದು.

ಆಲ್ಬಮ್ಮಿನ ಹೆಸರು 'ಕಿನ್ಸ್‌ಮೆನ್'. ಬಂಧುಗಳು ಎಂದು ಅರ್ಥ. 2008ರಲ್ಲಿ ಪೈ ರೆಕಾರ್ಡಿಂಗ್ಸ್ ಇದನ್ನು ಹೊರತಂದಿತು. ಇದರ ಯಜಮಾನರು ರುದ್ರೇಶ ಮಹಂತಪ್ಪ. ಕರ್ನಾಟಕದಿಂದ ಹೊರದೇಶಕ್ಕೆ ಹೋದ ಮನೆತನದವರು. 1971ರಲ್ಲಿ ಇಟಲಿಯಲ್ಲಿ ಹುಟ್ಟಿ, ಅಮೆರಿಕದ ಕೊಲರಾಡೋದಲ್ಲಿ ಬೆಳೆದು, ಜಾಜ್ ಸಂಗೀತದಲ್ಲಿ ಹೆಸರಾದವರು. ಅವರು ಆಹ್ವಾನಿಸಿದ ಅತಿಥಿ ನಮ್ಮ ಕದ್ರಿ ಗೋಪಾಲನಾಥರು. ಇಬ್ಬರ ಕೈಯಲ್ಲೂ ಆಲ್ಟೋ ಸ್ಯಾಕ್ಸೋಫೋನ್. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ ಒಂದು ಕಡೆ. ಗಿಟಾರು, ಬಾಸ್, ಡ್ರಮ್ಮುಗಳು ಇನ್ನೊಂದು ಕಡೆ. ಹಾಡುಗಾರರಿಲ್ಲ, ಹಾಡುವ ಹೊಣೆಯೆಲ್ಲ ಆ ಎರಡು ಹಿತ್ತಾಳೆಯ ಕೊರಳುಗಳದು.

ಹಿತ್ತಾಳೆ ಎಂದೆ. ಆದರೆ ಪಾಶ್ಚಾತ್ಯರು ಈ ವಾದ್ಯವನ್ನು ಲೋಹದ ಕಹಳೆಗಳ ಗುಂಪಿಗೆ ಸೇರಿಸುವುದಿಲ್ಲ. ಅಡಾಲ್ಫ್ ಸ್ಯಾಕ್ಸ್ ಎಂಬ ಬೆಲ್ಜಿಯಂ ಕುಶಲಕರ್ಮಿ 1846ರಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯದ ಮೈ ಮಾತ್ರ ಹಿತ್ತಾಳೆ. ನಾದ ಹುಟ್ಟುವುದು ಬಾಯಲ್ಲಿಟ್ಟ ಜೊಂಡಿನ ಸೀಳಿನಿಂದ. ಆ ಲೆಕ್ಕದಲ್ಲಿ ಅದು ನಮ್ಮ ಸನಾದಿಗೆ ದೂರದ ನಂಟು.

ಬಂಟ್ವಾಳ ತಾಲೂಕಿನ ಸಜಿಪಮೂಡದ ನಾಗಸ್ವರ ವಿದ್ವಾಂಸರ ಮಗನಾಗಿ 1949ರಲ್ಲಿ ಹುಟ್ಟಿದ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು. ಮನಸೋಲುವುದು ಸುಲಭ. ಕೀಲಿ ಒತ್ತಿದರೆ ಒಂದೊಂದೇ ಸ್ವರ ಬಿಡಿಬಿಡಿಯಾಗಿ ಬೀಳುವ ವಾದ್ಯದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಗಮಕವನ್ನು ತರುವುದೆಂತು? ತುಟಿಯ ಬಿಗಿ, ದವಡೆಯ ಸಡಿಲ, ಉಸಿರಿನ ಹದ, ಇವಿಷ್ಟರಿಂದಲೇ ಅದನ್ನು ಸಾಧಿಸಬೇಕು. ಅವರಿಗೆ ಅದಕ್ಕೆ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಹಿಡಿಯಿತು. 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದ ಮೊದಲ ಕರ್ನಾಟಕ ಸಂಗೀತಗಾರರು ಅವರು. 2019ರ ಅಕ್ಟೋಬರ್ 11ರಂದು ತೀರಿಕೊಂಡರು.

ರುದ್ರೇಶರಿಗೆ ಅವರ ಪರಿಚಯವಾದದ್ದು ಒಂದು ತಮಾಷೆಯಿಂದ. ವಿದ್ಯಾರ್ಥಿಯಾಗಿದ್ದಾಗ ಅಣ್ಣ ಕೀಟಲೆಗೆಂದು ಕೊಟ್ಟ ಆಲ್ಬಮ್ಮಿನ ಹೆಸರು 'ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್'. ನಗಲೆಂದು ಕೊಟ್ಟದ್ದು; ಕೇಳಿದವರು ಬೆರಗಾದರು. ತನ್ನ ಹಿರಿಯರ ನಾಡಿನ ಸಂಗೀತ ತನ್ನದೇ ವಾದ್ಯದಲ್ಲಿ ಆಗಲೇ ಮನೆ ಮಾಡಿತ್ತು.

ಈ ಆಲ್ಬಮ್ಮಿನಲ್ಲಿ ನನ್ನನ್ನು ಕಾಡಿದ ಪ್ರಶ್ನೆ, ಅತಿಥಿ ಯಾರು ಎಂಬುದು. ಸ್ಟುಡಿಯೋದಲ್ಲಿ ರುದ್ರೇಶರು ಮನೆಯವರು, ಗೋಪಾಲನಾಥರು ಅತಿಥಿ. 'ಕಲ್ಯಾಣಿ' ಬಂದಾಗ ಪಾತ್ರ ಅದಲುಬದಲು. ಹಿರಿಯರು ಸ್ವರವನ್ನು ತೂಗಿ, ಬಳುಕಿಸಿ, ಬಿಡುತ್ತಾರೆ. ಕಿರಿಯರ ಧ್ವನಿ ಚೂಪು, ಅವಸರ ಹೆಚ್ಚು. ಕಿರಿಯರು ಹಿರಿಯರನ್ನು ಅನುಕರಿಸಲು ಹೋಗಿಲ್ಲ. ಹೋಗಿದ್ದರೆ ಇಬ್ಬರಿಗೂ ನಷ್ಟವಾಗುತ್ತಿತ್ತು. ಕೆಲವೆಡೆ ಡ್ರಮ್ಮಿನ ಅಬ್ಬರದಲ್ಲಿ ಮೃದಂಗದ ನುಡಿ ಮುಳುಗಿದಂತೆ ನನಗನ್ನಿಸಿತು. ನಡುನಡುವೆ ಬರುವ ಪುಟ್ಟ ಆಲಾಪಗಳೇ ನನಗೆ ಹೆಚ್ಚು ಹಿಡಿಸಿದವು.

ನಮ್ಮೂರಲ್ಲಿ ಒಬ್ಬ ಹಳೆಯ ಸನಾದಿಯವರಿದ್ದಾರೆ. ಮದುವೆಗಳಿಗೆ ಈಗ ಅವರನ್ನು ಕರೆಯುವವರು ಕಡಿಮೆ. ಎತ್ತರದ ಧ್ವನಿವರ್ಧಕಗಳ ಗಾಡಿ ಬರುತ್ತದೆ. ಮಕ್ಕಳು ವಾದ್ಯ ಮುಟ್ಟಲಿಲ್ಲ. ಒಂದು ಸಂಜೆ, 1989ರಲ್ಲಿ ರೈತರೇ ದುಡಿದು ಕಟ್ಟಿದ ನಮ್ಮ ಬ್ಯಾರೇಜಿನ ದಂಡೆಯ ಮೇಲೆ ಅವರಿಗೆ ಇದನ್ನು ಕೇಳಿಸಿದೆ. ಕಣ್ಣು ಮುಚ್ಚಿ ಕೂತರು. "ದೊಡ್ಡಾಂವ ಮಾತಾಡಾಕತ್ತಾನ್ರೀ, ಸಣ್ಣಾಂವ ಜಗಳಾ ತಗದಾನ" ಎಂದರು. ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, ಮತ್ತೊಮ್ಮೆ ಹಚ್ಚಲು ಹೇಳಿ, ಆ ವಾದ್ಯದ ಬಾಯಿಗೆ ಹಾಕುವ ಜೊಂಡು ಎಲ್ಲಿ ಸಿಗುತ್ತದೆಂದು ಕೇಳಿದರು.